ನೋರಾ ನೋಡದೆ ಹೋದ ಮನೆ

ಮುಚ್ಚಿಟ್ಟ ಮನೆಗೆ ಒಂದು ವಾಸನೆ ಇರುತ್ತದೆ. ನುಸಿಗುಳಿಗೆ, ಬಿಚ್ಚದ ಪ್ಲಾಸ್ಟಿಕ್ಕು, ನೀರು ಹರಿಯದೆ ಒಣಗಿದ ಪೈಪು, ಎಲ್ಲ ಸೇರಿದ ವಾಸನೆ. ಕಳೆದ ಶನಿವಾರ ಬೆಳಿಗ್ಗೆ ಸದಾನಂದಣ್ಣನ ಮನೆಯ ಬಾಗಿಲು ತೆರೆದಾಗ ಅದು ಎಂದಿನ ಹಾಗೆ ಮೂಗಿಗೆ ಬಡಿಯಿತು. ಸದಾನಂದಣ್ಣ ನಮ್ಮ ಪಕ್ಕದ ಮನೆಯವರು, ಇರುವುದು ಮಾತ್ರ ಬಹ್ರೈನಿನಲ್ಲಿ. ಊರಿಗೆ ಬರುವುದು ಅಪರೂಪ. ಉಳಿದಂತೆ ಅವರ ಮನೆಯ ಬೀಗದ ಕೈ ನಮ್ಮ ಗೋಡೆಯ ಮೊಳೆಯಲ್ಲಿ ನೇತಾಡುತ್ತಿರುತ್ತದೆ. ವಾರಕ್ಕೊಮ್ಮೆ ಕಿಟಕಿ ತೆರೆಯುವುದು, ನಲ್ಲಿ ಬಿಡುವುದು, ದೇವರ ಮುಂದೆ ದೀಪ ಹಚ್ಚುವುದು ನನ್ನ ಕೆಲಸ. ಕಟಪಾಡಿಯಿಂದ ಕಾಪುವಿನ ಕಡೆಗೆ ಹೆದ್ದಾರಿ ಬಿಟ್ಟು ಒಳದಾರಿಯಲ್ಲಿ ಬಂದಿದ್ದರೆ ಇಂಥ ಮನೆಗಳನ್ನು ನೀವೂ ನೋಡಿರುತ್ತೀರಿ. ಗೇಟಿನ ಮೇಲೆ ಎರಡು ಸಿಂಹ, ಮಹಡಿಗೆ ನೀಲಿ ಗಾಜು, ಅಂಗಳಕ್ಕೆ ಇಂಟರ್‌ಲಾಕ್. ಒಳಗೆ ಒಂದು ನರಪಿಳ್ಳೆ ಇರುವುದಿಲ್ಲ.

ಆ ವಾಸನೆಗೆ ನನ್ನ ಮುಖ ಈಗಲೂ ಬಿಸಿಯಾಗುತ್ತದೆ. ವಾಸನೆಗೆ ಮೂಗು ಮುಚ್ಚಿಕೊಳ್ಳುವವರು ಬೇಕಾದಷ್ಟು ಜನ ಇದ್ದಾರೆ, ನಾಚಿಕೊಳ್ಳುವವನು ನಾನೊಬ್ಬನೇ ಇರಬೇಕು. ಯಾಕೆಂದು ಹೇಳುತ್ತೇನೆ, ಆದರೆ ಸ್ವಲ್ಪ ಸುತ್ತಿ ಬರಬೇಕಾಗುತ್ತದೆ.

ನಾನು ಕಾರ್ಕಳದ ಕಡೆ ಒಂದು ಪದವಿಪೂರ್ವ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಜೀವನಮಟ್ಟದ ಪಾಠ ಬಂದರೆ ನನಗೆ ಹುಮ್ಮಸ್ಸು. ಕರಿಹಲಗೆಯ ನಡುವೆ ಒಂದು ಗೆರೆ ಎಳೆದು ಈ ಕಡೆ ಭಾರತ, ಆ ಕಡೆ ಐರ್ಲೆಂಡ್ ಎಂದು ಬರೆಯುತ್ತಿದ್ದೆ. ತಲಾ ಆದಾಯ, ಆಯುಷ್ಯ, ಆಸ್ಪತ್ರೆ, ಶೌಚಾಲಯ ಎಂದು ಒಂದೊಂದೇ ಸಾಲು ಇಳಿಸಿಕೊಂಡು ಹೋಗುವಾಗ ಆ ಕಡೆಯದನ್ನು ಓದುವ ನನ್ನ ದನಿಗೆ ಸ್ವಲ್ಪ ಗತ್ತು ಬರುತ್ತಿತ್ತಂತೆ. ಮಕ್ಕಳು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಜಗತ್ತಿನ ಅಷ್ಟು ದೇಶಗಳಲ್ಲಿ ಐರ್ಲೆಂಡೇ ಯಾಕೆಂದರೆ, ನನ್ನ ಶಶಿಯಕ್ಕ ಅಲ್ಲಿ ನರ್ಸ್ ಆಗಿದ್ದಳು.

ಅಕ್ಕ ಫೋನಿನಲ್ಲಿ ಏನು ಹೇಳಿದರೂ ನಾನು ಅದನ್ನು ನಮ್ಮ ಲೆಕ್ಕಕ್ಕೆ ತಂದು ಅಮ್ಮನಿಗೆ ಒಪ್ಪಿಸುವುದು ರೂಢಿ. ಅಲ್ಲಿ ಒಂದು ಸಲ ಕೂದಲು ಕತ್ತರಿಸಿಕೊಂಡರೆ ಇಲ್ಲಿ ಒಂದು ಮೂಟೆ ಕುಚ್ಚಲಕ್ಕಿ ಬರುತ್ತದೆ. ಒಂದು ಲೋಟ ಕಾಫಿ ಬಿಟ್ಟರೆ ಮನೆಮಂದಿಗೆಲ್ಲ ಸಾಕಾಗುವಷ್ಟು ಬಂಗುಡೆ ಮೀನು. "ಗುಣಿಸಬೇಡ ಮಾರಾಯ, ಗುಣಿಸಿದ್ರೆ ಇಲ್ಲಿ ಬದುಕ್ಲಿಕ್ಕೆ ಆಗುವುದಿಲ್ಲ," ಎಂದು ಅಕ್ಕ ನಗುತ್ತಿದ್ದಳು. ಅವಳು ಅಲ್ಲಿ ಒಬ್ಬ ವಯಸ್ಸಾದ ಹೆಂಗಸಿನ ಮನೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದಳು. ನೋರಾ ಎಂದು ಅವರ ಹೆಸರು. ಅಕ್ಕ ರಾತ್ರಿ ಪಾಳಿ ಮುಗಿಸಿ ಬಂದಾಗ ಅವರು ಚಹಾ ಮಾಡಿ ಕಾಯುತ್ತಿದ್ದರು. ಹಾಗೆ ಚಹಾ ಕುಡಿಯುತ್ತ ಅಕ್ಕ ಅವರಿಗೆ ನಮ್ಮ ಮನೆಯ ವಿಷಯ ಒಂದೂ ಬಿಡದೆ ಹೇಳಿದ್ದಳು. ಅಪ್ಪ ಬೇಗ ತೀರಿಹೋದದ್ದು, ಅಮ್ಮ ಜಗಲಿಯಲ್ಲಿ ಕೂತು ಬೀಡಿ ಕಟ್ಟಿ ನಮ್ಮಿಬ್ಬರನ್ನು ಓದಿಸಿದ್ದು, ಬಾವಿಯಿಂದ ನೀರು ಸೇದಿ ಸ್ನಾನ ಮಾಡಿ ಮಣಿಪಾಲದ ಬಸ್ಸಿಗೆ ಓಡುತ್ತಿದ್ದದ್ದು. ಇದೆಲ್ಲ ಅವಳಿಗೆ ಹೇಳಿಕೊಳ್ಳುವಂಥ ವಿಷಯ ಎಂದು ನನಗೆ ಆಗ ಹೊಳೆದಿರಲಿಲ್ಲ.

ಹತ್ತು ವರ್ಷಗಳ ಹಿಂದಿನ ಮಾತು. ಒಂದು ಸಂಜೆ ಫೋನಿನಲ್ಲಿ ಅಕ್ಕನ ದನಿ ಕುಣಿಯುತ್ತಿತ್ತು. "ಈ ಸಲ ರಜೆಗೆ ಬರುವಾಗ ನೋರಾ ಸಹ ಬರ್ತಾರೆ. ಎರಡು ದಿವಸ ನಮ್ಮಲ್ಲಿ ನಿಂತು ಆಮೇಲೆ ಕೇರಳಕ್ಕೆ ಹೋಗ್ತಾರಂತೆ. ನಮ್ಮ ಮನೆ ನೋಡ್ಬೇಕಂತೆ."

ನನಗೆ ಸಂತೋಷವಾಗಬೇಕಿತ್ತು. ಆದರೆ ಕಣ್ಣ ಮುಂದೆ ಬಂದದ್ದು ನಮ್ಮ ಬಚ್ಚಲುಮನೆ. ಅದು ಹಿತ್ತಿಲಿನಲ್ಲಿತ್ತು, ತೆಂಗಿನ ಮಡಲು ಹೊದೆಸಿದ ಮಾಡು, ಮಸಿ ಹಿಡಿದ ಹಂಡೆ. ಕಕ್ಕಸು ಅದಕ್ಕಿಂತಲೂ ಆಚೆ, ತೆಂಗಿನಮರದ ಬುಡದಲ್ಲಿ. ಒಳಗೆ ಮೂರು ಕೋಣೆ, ಅಲ್ಲಲ್ಲಿ ಎದ್ದುಹೋದ ಕೆಂಪು ಗಾರೆಯ ನೆಲ, ಎಲ್ಲಿ ಕೂತರೂ ಹೊಗೆಸೊಪ್ಪಿನ ಘಾಟು. ಕಾಲೇಜಿನಲ್ಲಿ ಎಳೆಯುತ್ತಿದ್ದ ಗೆರೆಯ ಈ ಕಡೆಯಲ್ಲಿ ನಮ್ಮದೇ ಮನೆ ನಿಂತದ್ದನ್ನು ನಾನು ಅಂದೇ ನೋಡಿದ್ದು. ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಗಾಗುವಾಗ ಒಂದು ಉಪಾಯ ಬಂತು. ನಿದ್ದೆಗೆಟ್ಟವನಿಗೆ ಬರುವ ಉಪಾಯಗಳನ್ನು ನಂಬಬಾರದು ಎಂಬುದು ಈಗ ಗೊತ್ತಾಗಿದೆ.

ಸದಾನಂದಣ್ಣನಿಗೆ ಫೋನ್ ಮಾಡಿದೆ. ಅವರಿಗೆ ಖುಷಿಯೋ ಖುಷಿ. "ಧಾರಾಳ ಮಾರಾಯ, ನಮ್ಮಲ್ಲೇ ನಿಲ್ಲಿಸು. ಎಸಿ ಹಾಕು. ನಿಮ್ಮದೇ ಮನೆ ಅಂತ ಹೇಳು, ನನಗೆಂತ ತೊಂದರೆ ಇಲ್ಲ. ಸೋಫಾದ ಪ್ಲಾಸ್ಟಿಕ್ ಒಂದು ತೆಗೀಬೇಡ, ಆಯ್ತಾ?"

ಒಪ್ಪದಿದ್ದದ್ದು ಅಮ್ಮ ಒಬ್ಬಳೇ.

"ನಮ್ಮ ಮನೆಗೆ ಎಂತ ಆಗಿದೆ?" ಎಂದಳು.

"ಮನೆಗೆ ಎಂತ ಆಗ್ಲಿಲ್ಲ ಅಮ್ಮ. ಆ ಪ್ರಾಯದವರಿಗೆ ರಾತ್ರಿ ಎದ್ದು ಹಿತ್ತಿಲಿಗೆ ಹೋಗ್ಲಿಕ್ಕೆ ಆಗ್ತದಾ?"

"ಮಲಗ್ಲಿಕ್ಕೆ ಅಲ್ಲಿ ಮಲಗ್ಲಿ. ಮನೆ ಅಂತ ಯಾಕೆ ಅದನ್ನು ತೋರಿಸುವುದು?"

ಉತ್ತರ ಇಲ್ಲದಾಗ ಮೇಷ್ಟ್ರುಗಳು ದನಿ ಏರಿಸುತ್ತಾರೆ, ನಾನೂ ಏರಿಸಿದೆ. ಅಮ್ಮ ಬೀಡಿಯ ಮೊರ ಹತ್ತಿರಕ್ಕೆ ಎಳೆದುಕೊಂಡಳು. ಸದಾನಂದಣ್ಣನ ಮನೆಯ ಪಡಸಾಲೆಯಲ್ಲಿದ್ದ ಅವರ ಸಂಸಾರದ ದೊಡ್ಡ ಫೋಟೋಗಳನ್ನು ಇಳಿಸಿ ಮಹಡಿಯ ಕೋಣೆಯಲ್ಲಿಟ್ಟೆ. ಅವು ಇದ್ದ ಜಾಗ ಗೋಡೆಯಲ್ಲಿ ಬಿಳಿ ಚೌಕಗಳಾಗಿ ಉಳಿಯಿತು. ಅದನ್ನು ಮುಚ್ಚುವುದಕ್ಕೆ ನಮ್ಮ ಮನೆಯಿಂದ ಅಪ್ಪನ ಫೋಟೋ ತಂದು ತೂಗುಹಾಕಿದೆ. ಅಷ್ಟು ದೊಡ್ಡ ಗೋಡೆಯಲ್ಲಿ ಅಪ್ಪ ಬಹಳ ಸಣ್ಣವನಾಗಿ ಕಂಡ. ಅಮ್ಮ ಬಾಗಿಲಲ್ಲಿ ನಿಂತು ಅದನ್ನು ನೋಡಿ, ಒಳಗೆ ಕಾಲಿಡದೆ ವಾಪಸು ಹೋದಳು.

ಅಕ್ಕನಿಗೆ ಒಂದು ಮಾತೂ ಹೇಳಿರಲಿಲ್ಲ. ಹೇಳಿದರೆ ಬೇಡ ಅನ್ನುತ್ತಾಳೆಂದು ಗೊತ್ತಿತ್ತಲ್ಲ. ವಿಮಾನ ನಿಲ್ದಾಣಕ್ಕೆ ಕಾರು ಮಾಡಿಕೊಂಡು ಹೋಗಿ ಇಬ್ಬರನ್ನೂ ಕರೆತಂದೆ. ನೋರಾ ಸಪೂರ, ಎತ್ತರ, ಬೆಳ್ಳಿಕೂದಲು. ದಾರಿಯುದ್ದಕ್ಕೂ ಕಿಟಕಿಯ ಗಾಜು ಇಳಿಸಿಕೊಂಡೇ ಬಂದರು. ನಮ್ಮ ಓಣಿ ಬಂತು. ಕಾರು ಸಿಂಹದ ಗೇಟಿಗೆ ತಿರುಗಿದಾಗ ಅಕ್ಕ, "ಇಲ್ಲಿ ಅಲ್ಲ, ಮುಂದೆ," ಎಂದು ಡ್ರೈವರನಿಗೆ ಹೇಳಿದಳು. ನಾನು ಹಿಂದೆ ತಿರುಗದೆ ತುಳುವಿನಲ್ಲಿ, "ಸುಮ್ಮನೆ ಕೂತ್ಕೋ, ಆಮೇಲೆ ಹೇಳ್ತೇನೆ," ಎಂದೆ. ಕಾರಿನ ಕನ್ನಡಿಯಲ್ಲಿ ಅವಳ ಮುಖ ಕಂಡಿತು. ನೋರಾ ಆಗ ಮುಂದಿನ ಗೇಟಿನ ಕಡೆಗೆ, ನಮ್ಮ ಮನೆಯ ಕಡೆಗೆ, ಕತ್ತು ಚಾಚಿ ನೋಡುತ್ತಿದ್ದರು.

ಒಳಗೆ ಬಂದು ಕೂತರು. ಅವರು ಸ್ವಲ್ಪ ಅಲ್ಲಾಡಿದರೂ ಸೋಫಾದ ಪ್ಲಾಸ್ಟಿಕ್ ಚರ್ರೆನ್ನುತ್ತಿತ್ತು. ಅವರು ಗೋಡೆಯ ಬಿಳಿ ಚೌಕಗಳನ್ನು ನೋಡಿದರು, ಅಪ್ಪನನ್ನು ನೋಡಿದರು, ಎದ್ದು ಹೋಗಿ ಅಪ್ಪನ ಮುಂದೆ ಸ್ವಲ್ಪ ಹೊತ್ತು ನಿಂತರು. "ದೊಡ್ಡ ಮನೆ," ಎಂದರು. ನಾನು ಎಸಿಯ ವಿಷಯ ಹೇಳಿದೆ. ಬಿಸಿನೀರಿನ ನಲ್ಲಿ ಯಾವ ಕಡೆ ತಿರುಗಿಸಬೇಕೆಂದು ತೋರಿಸಿದೆ. ಅಕ್ಕ ಒಂದು ಮೂಲೆಯಲ್ಲಿ ತನ್ನ ಪೆಟ್ಟಿಗೆಯ ಮೇಲೇ ಕೂತಿದ್ದಳು, ಬೇರೆಯವರ ಮನೆಗೆ ಬಂದವಳ ಹಾಗೆ. ಬಂದದ್ದೂ ಬೇರೆಯವರ ಮನೆಗೇ ಅಲ್ಲವೇ.

ನೋರಾ ಕಿಟಕಿಯ ಹತ್ತಿರ ಹೋದರು. ಅಲ್ಲಿಂದ ನಮ್ಮ ಮನೆ ಚೆನ್ನಾಗಿ ಕಾಣುತ್ತದೆ. ಹಂಚಿನ ಮಾಡು, ಜಗಲಿ, ಬಾವಿಕಟ್ಟೆ, ಹಗ್ಗಕ್ಕೆ ಹಾಕಿದ ಅಮ್ಮನ ಸೀರೆ.

"ಆ ಮನೆಯಲ್ಲಿ ಯಾರಿದ್ದಾರೆ?" ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದರು. ಈಗ ಅನಿಸುತ್ತದೆ, ಬೇರೆ ಉತ್ತರ ಕೊಡಲಿಕ್ಕೆ ಅವರು ನನಗೆ ಒಂದು ಅವಕಾಶ ಮಾಡಿಕೊಟ್ಟಿದ್ದರು. ನಾನು ಅವರ ಪಕ್ಕ ಹೋಗಿ ನಿಂತು, ಕೈ ಚಾಚಿ ನಮ್ಮ ಮನೆಯನ್ನು ತೋರಿಸುತ್ತ, "ಅದು ಕೆಲಸದವರ ಮನೆ. ಇದನ್ನೆಲ್ಲ ನೋಡಿಕೊಳ್ಳುವವರು," ಎಂದುಬಿಟ್ಟೆ. ಅಕ್ಕ ತಲೆ ಎತ್ತಿ ನನ್ನನ್ನೇ ನೋಡಿದಳು. ಆಡಿದ ಮಾತು ಹಿಂದಕ್ಕೆ ಬರುವುದಿಲ್ಲ, ನಾನೂ ಅದನ್ನು ಹಿಂದಕ್ಕೆ ಕರೆಯುವ ಧೈರ್ಯದವನಲ್ಲ.

ಅಷ್ಟರಲ್ಲಿ ಕಾಂಪೌಂಡಿನ ಸಂದಿಯಿಂದ ಅಮ್ಮ ಬರುತ್ತಿರುವುದು ಕಂಡಿತು. ಬೇರೆಯವರ ಅಡುಗೆಮನೆಯಲ್ಲಿ ಮೀನು ಬೇಯಿಸುವುದಿಲ್ಲ ಎಂದು ಹಠ ಹಿಡಿದು ಅಡುಗೆಯನ್ನೆಲ್ಲ ನಮ್ಮಲ್ಲೇ ಮಾಡಿದ್ದಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಿಸಿ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಮೆಟ್ಟಿಲು ಹತ್ತಿದಳು. ನಾನು ಏನು ಹೇಳಿ ಪರಿಚಯಿಸಲಿ ಎಂದು ತಡಬಡಿಸುವಷ್ಟರಲ್ಲಿ ನೋರಾ ಬಾಗಿಲಿಗೆ ಓಡಿದರು. ಪಾತ್ರೆಯನ್ನು ಅಮ್ಮನ ಕೈಯಿಂದ ತೆಗೆದು ನನ್ನ ಕೈಗೆ ಕೊಟ್ಟು, "ಸುಂದರಿ!" ಎಂದು ಅಮ್ಮನ ಹೆಸರು ಹಿಡಿದು ಕರೆದು, ಅವಳ ಎರಡೂ ಕೈ ಹಿಡಿದುಕೊಂಡರು. ಬೀಡಿ ಎಲೆ ಕತ್ತರಿಸಿ ಕಪ್ಪಾದ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿದರು.

ಆಗ ನನಗೆ ನೆನಪಾಯಿತು. ಅಮ್ಮ ಜಗಲಿಯಲ್ಲಿ ಬೀಡಿ ಕಟ್ಟುತ್ತ ಕೂತ ಒಂದು ಫೋಟೋ ಐರ್ಲೆಂಡಿನಲ್ಲಿ ಅಕ್ಕನ ಕೋಣೆಯ ಗೋಡೆಯಲ್ಲಿತ್ತು. ಹಿಂದೆ ನಮ್ಮ ಮನೆ ಅಷ್ಟೂ ಕಾಣುತ್ತಿತ್ತು. ಅದನ್ನು ತೆಗೆದು ಕಳಿಸಿದವನು ನಾನೇ. ನೋರಾ ಆ ಮನೆಯನ್ನು ಗೋಡೆಯಲ್ಲಿ ವರ್ಷಗಟ್ಟಲೆ ನೋಡಿದವರು. ಅಷ್ಟೆಲ್ಲ ಫೋಟೋ ಇಳಿಸಿದವನಿಗೆ ಈ ಒಂದು ಫೋಟೋ ಮರೆತುಹೋಗಿತ್ತು.

ಊಟಕ್ಕೆ ಕೂತೆವು. ನೋರಾ ನೀರುದೋಸೆ ಮುರಿಯುತ್ತ ತಾವಾಗಿ ಒಂದು ಕತೆ ಶುರುಮಾಡಿದರು. ಅವರು ಚಿಕ್ಕವರಿದ್ದಾಗ ಅವರ ಹಳ್ಳಿಯಲ್ಲಿ ಯಾರ ಮನೆಯೊಳಗೂ ನಲ್ಲಿ ಇರಲಿಲ್ಲವಂತೆ. ಜನ ಕೆಲಸ ಹುಡುಕಿಕೊಂಡು ಹಡಗು ಹತ್ತುತ್ತಿದ್ದರಂತೆ. ಹಾಗೆ ಅಮೆರಿಕಕ್ಕೆ ಹೋದ ಸೋದರಮಾವ ಒಮ್ಮೆ ನೋಡಲಿಕ್ಕೆ ಬರುತ್ತಾನೆಂದಾಗ ಅವರ ತಾಯಿ ಒಂದು ಮನೆಯಿಂದ ಕುರ್ಚಿ, ಇನ್ನೊಂದು ಮನೆಯಿಂದ ಕಪ್ಪುಬಸಿ ತಂದು ಜೋಡಿಸಿದರು. "ಮಾವ ಆ ಕುರ್ಚಿಯಲ್ಲಿ ಕೂರಲೇ ಇಲ್ಲ. ಒಲೆಯ ಹತ್ತಿರ ತಾನು ಹುಡುಗನಾಗಿದ್ದಾಗ ಕೂರುತ್ತಿದ್ದ ಮಣೆ ಎಲ್ಲಿ ಎಂದು ಹುಡುಕಿದ. ಅಮ್ಮ ಅದನ್ನು ಕೊಟ್ಟಿಗೆಯಲ್ಲಿ ಅಡಗಿಸಿದ್ದಳು," ಎಂದು ನಕ್ಕರು. ನಗುವಾಗ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಎದ್ದು ಹೋಗುತ್ತಿದ್ದೆ. ಐರ್ಲೆಂಡ್ ಹಿಂದೆ ಬಡದೇಶವಾಗಿತ್ತು ಎಂದು ನಾನು ಪಾಠ ಮಾಡಿದ್ದೇನೆ. ಆ ಬಡತನಕ್ಕೂ ನಮ್ಮ ಹಾಗೆಯೇ ನಾಚಿಕೆ ಇತ್ತು ಎಂದು ನನ್ನ ಪುಸ್ತಕದಲ್ಲಿರಲಿಲ್ಲ.

ಸಂಜೆ ಬಾವಿಕಟ್ಟೆಯಲ್ಲಿ ಅಕ್ಕ ಸಿಕ್ಕಿದಳು. ಬೈಯಲಿ ಎಂದು ನಾನೇ ಹತ್ತಿರ ಹೋದೆ.

"ಅಲ್ಲಿ ಯಾರೂ ನನ್ನನ್ನು ಕೀಳು ಮಾಡ್ಲಿಲ್ಲ, ಗೊತ್ತುಂಟಾ?" ಎಂದಳು. "ಎಲ್ಲಿಂದ ಬಂದದ್ದು ಅಂತ ಕೇಳಿದವರಿಗೆಲ್ಲ ಈ ಬಾವಿಯ ಕತೆ ಹೇಳಿದ್ದೇನೆ ನಾನು. ಅಮ್ಮನನ್ನು, ಈ ಮನೆಯನ್ನು ಒಬ್ಬರಿಗಾದ್ರೂ ತೋರಿಸ್ಬೇಕು ಅಂತ ಎಷ್ಟು ಆಸೆ ಇತ್ತು. ಅವರನ್ನು ಇಷ್ಟು ದೂರ ಕರ್ಕೊಂಡು ಬಂದದ್ದು ಅದಕ್ಕೇ. ನನ್ನ ಮನೆಯನ್ನು ಕೆಲಸದವರದ್ದು ಅಂತ ಹೇಳ್ಲಿಕ್ಕೆ ನನ್ನ ತಮ್ಮನೇ ಆಗ್ಬೇಕಿತ್ತಾ?"

"ಈಗ ಕರ್ಕೊಂಡು ಬರೋಣ ಅಕ್ಕ."

"ಎಂತ ಹೇಳಿ ಕರ್ಕೊಂಡು ಬರ್ತೀ?"

ಅದೇ ತೊಡಕಾಗಿತ್ತು. ಅವರನ್ನು ನಮ್ಮ ಜಗಲಿಗೆ ಕರೆಯಬೇಕಾದರೆ ನಾನು ಮೊದಲು ಬಾಯಿ ಬಿಡಬೇಕು. ಅವರಾಗಿಯೇ ಬಂದರೆ ನನ್ನ ಸುಳ್ಳು ಎಲ್ಲರ ಮುಂದೆ ಬಯಲಾಗುತ್ತದೆ, ಹಾಗಾಗಿ ಅವರು ಬರಲಿಲ್ಲ. ಎರಡು ದಿನವೂ ಆ ಪ್ಲಾಸ್ಟಿಕ್ಕಿನ ಮೇಲೆ ಕೂತು, ಎಸಿ ಚೆನ್ನಾಗಿದೆ ಎಂದು ಹೊಗಳಿದರು. ಹೊರಡುವ ದಿನ ಕಾರು ನಿಲ್ಲಿಸಿ ನಮ್ಮ ಗೇಟಿನವರೆಗೆ ನಡೆದು ಬಂದರು. ಅಮ್ಮ ಒಳಗಿನಿಂದ ಬಂದಳು. ಇಬ್ಬರೂ ಗೇಟಿನ ಆಚೆ ಒಬ್ಬರು, ಈಚೆ ಒಬ್ಬರು ನಿಂತು ಕೈ ಹಿಡಿದುಕೊಂಡರು. ಜಗಲಿ ಅಲ್ಲೇ ಇತ್ತು. ಒಳಗೆ ಬನ್ನಿ ಎಂಬ ಒಂದು ಮಾತು ನನ್ನ ಬಾಯಿಂದ ಹೊರಡಲಿಲ್ಲ. ಯಾವ ಮನೆ ನೋಡಲು ಸಮುದ್ರ ದಾಟಿ ಬಂದಿದ್ದರೋ ಅದನ್ನು ನೋಡದೆ ಅವರು ಕೇರಳಕ್ಕೆ ಹೊರಟುಹೋದರು. ನನ್ನ ಮರ್ಯಾದೆ ಉಳಿಯಲಿ ಎಂದು ಅವರು ಮಾಡಿದ ಕೆಲಸ ಅದು. ಉಳಿದ ಮರ್ಯಾದೆಯನ್ನು ಏನು ಮಾಡಬೇಕೆಂದು ನನಗೆ ಈವರೆಗೂ ತಿಳಿದಿಲ್ಲ.

ಆಮೇಲೆ ಅಕ್ಕ ಎಷ್ಟೋ ಸಲ ರಜೆಗೆ ಬಂದಳು, ಯಾರನ್ನೂ ಕರೆತರಲಿಲ್ಲ. ನಾನು ಸಾಲ ಮಾಡಿ ಬಚ್ಚಲನ್ನು ಮನೆಯೊಳಗೆ ತಂದೆ, ನೆಲ ಸರಿಮಾಡಿಸಿದೆ. ಅಕ್ಕ ನೋಡಿ, "ಚಂದ ಆಗಿದೆ," ಎಂದಳು. ಅಷ್ಟೇ. ಕರಿಹಲಗೆಯಲ್ಲಿ ಗೆರೆ ಈಗಲೂ ಎಳೆಯುತ್ತೇನೆ, ಪಾಠದಲ್ಲಿರುವುದನ್ನು ಬಿಡುವಂತಿಲ್ಲವಲ್ಲ. ದನಿ ಮಾತ್ರ ಮೊದಲಿನ ಹಾಗಿಲ್ಲ.

ಮೊನ್ನೆ ಭಾನುವಾರ ಅಕ್ಕ ವಿಡಿಯೋ ಕಾಲ್ ಮಾಡಿದಳು. ನೋರಾ ಈಗ ವೃದ್ಧರನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿದ್ದಾರೆ. ನೆನಪು ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಅಕ್ಕ ಅವರ ಪಕ್ಕ ಕೂತಿದ್ದಳು. "ಇವತ್ತು ಹುಷಾರಿದ್ದಾರೆ. ಮನೆ ತೋರಿಸು, ನಮ್ಮದು," ಎಂದಳು. ನಾನು ಫೋನು ಹಿಡಿದು ನಡೆದೆ. ಜಗಲಿ ತೋರಿಸಿದೆ, ಅಡುಗೆಮನೆ, ಬಾವಿಕಟ್ಟೆ, ಮಣಿಪಾಲದ ಬಸ್ಸಿಗೆ ಅಕ್ಕ ಓಡುತ್ತಿದ್ದ ದಾರಿ ತೋರಿಸಿದೆ. ಅಮ್ಮ ಹಿಂದೆಯೇ ಬರುತ್ತಿದ್ದಳು. ನೋರಾ ಬಹಳ ಹೊತ್ತು ನೋಡಿದರು. ಆಮೇಲೆ ಅವರ ಮುಖ ಅರಳಿತು.

"ಇದು ಪಕ್ಕದ ಮನೆ. ಕೆಲಸದವರದ್ದು, ಅಲ್ಲವೇ? ಎಷ್ಟು ಚೊಕ್ಕ ಇಟ್ಟಿದ್ದಾರೆ! ಅವರೆಲ್ಲ ಹೇಗಿದ್ದಾರೆ?" ಎಂದರು.

ಅಂದು ಅವರು ಗೊತ್ತಿದ್ದೂ ಸುಮ್ಮನಿದ್ದರು. ಆ ಗೊತ್ತಿದ್ದದ್ದೆಲ್ಲ ಈಗ ಅಳಿಸಿಹೋಗಿ ನಾನು ಹೇಳಿದ ಒಂದೇ ಮಾತು ಅವರಲ್ಲಿ ಉಳಿದಿತ್ತು. ಅಕ್ಕ ಮುಖ ಪಕ್ಕಕ್ಕೆ ತಿರುಗಿಸಿದಳು.

"ಎಂತ ಹೇಳಿದ್ರು ಅವರು?" ಅಮ್ಮ ಕೇಳಿದಳು.

ನಮ್ಮ ಮನೆ ಚಂದ ಉಂಟಂತೆ ಎಂದು ಹೇಳಿ ಮುಗಿಸಬಹುದಿತ್ತು. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಅಂದು ನಾನು ಆಡಿದ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ, ಅಕ್ಕ ಕೂಡ. ನಾನು ಜಗಲಿಯ ಮೇಲೆ ಕೂತು, ನೋರಾ ಈಗ ಕೇಳಿದ್ದನ್ನೂ ಹತ್ತು ವರ್ಷಗಳ ಹಿಂದೆ ನಾನು ಹೇಳಿದ್ದನ್ನೂ ಅಮ್ಮನಿಗೆ ತುಳುವಿನಲ್ಲಿ ಹೇಳಿದೆ.

ಅಮ್ಮ ಸದಾನಂದಣ್ಣನ ಮನೆಯ ಕಿಟಕಿಯ ಕಡೆ ನೋಡಿದಳು.

"ನಾನು ಪಾತ್ರೆ ಹಿಡ್ಕೊಂಡು ಬರುವಾಗ ನೀನು ಕಿಟಕಿಯಲ್ಲಿ ನಿಂತು ಈ ಕಡೆ ಕೈ ತೋರಿಸ್ತಿದ್ದೆ. ನನ್ನ ಮನೆ ಅಂತ ಹೇಳ್ತಿದ್ದಾನೆ ಅಂದ್ಕೊಂಡಿದ್ದೆ," ಎಂದಳು.

ನನಗೆ ತಲೆ ಎತ್ತಲಾಗಲಿಲ್ಲ. ಫೋನಿನಲ್ಲಿ ನೋರಾ ಇನ್ನೂ ನಗುತ್ತ ಕಾಯುತ್ತಿದ್ದರು.

"ಅವರು ಕೇಳ್ತಾ ಇದ್ದಾರಲ್ಲ, ಪಾಪ," ಎಂದು ಅಮ್ಮ ನನ್ನ ಪಕ್ಕ ಕೂತಳು. "ಚೆನ್ನಾಗಿದ್ದೇವೆ ಅಂತ ಹೇಳು."

ನಾನು ಹೇಳಿದೆ.