ವಿಮಾನದ ಸ್ಟ್ಯಾಂಡಿಂಗ್ ಟಿಕೇಟು

ಕಳೆದ ತಿಂಗಳು ಬೆಂಗಳೂರಿಗೆ ಹೊರಟ ವಿಮಾನದಲ್ಲಿ ಪಕ್ಕದ ಸೀಟಿನ ಹೆಂಗಸೊಬ್ಬರು ಮಗಳ ಬಾಯಿಗೆ ಕಿತ್ತಳೆ ಪೆಪ್ಪರಮಿಂಟು ಹಾಕಿದರು, ಕಿವಿ ಕಟ್ಟದಿರಲಿ ಅಂತ. ನಾನು ಆಗ ಕಿಟಕಿಯಾಚೆ ರೆಕ್ಕೆಯ ಮೇಲಿನ ಒಂದು ಸ್ಕ್ರೂ ಸಡಿಲವಾಗಿದೆಯೋ, ನೆರಳೇ ಹಾಗೆ ಬಿದ್ದಿದೆಯೋ ಎಂದು ಪರೀಕ್ಷಿಸುತ್ತಿದ್ದೆ. ಇಷ್ಟು ವರ್ಷದ ವಿಮಾನ ಪ್ರಯಾಣದಲ್ಲಿ ನಾನು ಕಿಟಕಿ ಪಕ್ಕ ಕೂರುವುದು ಮೋಡ ನೋಡುವುದಕ್ಕಲ್ಲ, ಸ್ಕ್ರೂ ನೋಡುವುದಕ್ಕೆ. ಪೆಪ್ಪರಮಿಂಟಿನ ವಾಸನೆ ಮೂಗಿಗೆ ಬಂದದ್ದೇ ತಡ, ಸ್ಕ್ರೂ ಮರೆತೇಹೋಯಿತು. ಒಂದು ಚಿಂತೆ ಅಷ್ಟು ಬೇಗ ನನ್ನನ್ನು ಬಿಟ್ಟುಹೋದದ್ದು ನನ್ನ ಅನುಭವದಲ್ಲಿ ಕಡಿಮೆ. ಎದುರುಮನೆ ಅಕ್ಕನ ಕೈಚೀಲದ ವಾಸನೆ ಅದು...

ಹೈದರಾಬಾದಿಗೆ ಐಟಿ ಹುಚ್ಚು ಹಿಡಿದಿದ್ದ ಕಾಲ. ಮಾದಾಪುರದಲ್ಲಿ ಬಂಡೆ ಒಡೆದ ಜಾಗದಲ್ಲೆಲ್ಲ ಗಾಜಿನ ಕಟ್ಟಡ ಏಳುತ್ತಿತ್ತು. ಮೈಸೂರಿನಿಂದ ಬಂದ ನಾನು ಅಂಥದೊಂದು ಗಾಜಿನೊಳಗೆ ಕೂತು, ಕೆಲಸ ಹೋದರೇನು ಗತಿ ಎಂದು ಯೋಚಿಸುತ್ತ, ನಡುನಡುವೆ ಕೆಲಸವನ್ನೂ ಮಾಡುತ್ತಿದ್ದೆ. ಮನೆ ಅಮೀರ್‌ಪೇಟೆಯಲ್ಲಿ. ಒಂದು ದಿನ ಮೊಬೈಲಿಗೆ ಸಿಗ್ನಲ್ ಸಿಗದೆ ಮೆಟ್ಟಿಲ ಮೇಲೆ ನಿಂತು ಊರಿಗೆ ಫೋನ್ ಮಾಡುತ್ತಿದ್ದಾಗ ಎದುರಿನ ಬಾಗಿಲು ತೆರೆಯಿತು. "ಕನ್ನಡದವರೇನ್ರಿ?" ಎಂದಿತು ಒಂದು ಧ್ವನಿ. ಮರುದಿನಕ್ಕೆ ಆ 'ರಿ' ಬಿದ್ದುಹೋಗಿ ನಾನು 'ತಮ್ಮ'ನಾದೆ.

ಅಕ್ಕ ರಾಯಚೂರು ಕಡೆಯವರು. ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು, ಒಬ್ಬರೇ ಇದ್ದರು. ಬೇಗಂಪೇಟೆಯ ಹಳೆಯ ವಿಮಾನ ನಿಲ್ದಾಣದಲ್ಲಿ ಒಂದು ಸಣ್ಣ ವಿಮಾನ ಕಂಪನಿಯ ಕೌಂಟರಿನಲ್ಲಿ ಬೋರ್ಡಿಂಗ್ ಪಾಸ್ ಕೊಡುವ ಕೆಲಸ. ನೀಲಿ ಸೀರೆ, ಹೆಗಲ ಹತ್ತಿರ ರೆಕ್ಕೆಯಾಕಾರದ ಪಿನ್ನು. ವಾಚ್‌ಮನ್ ಜೊತೆ ತೆಲುಗು, ಆಟೋದವನ ಜೊತೆ ಹಿಂದಿ, ಪ್ರಯಾಣಿಕರ ಜೊತೆ ಇಂಗ್ಲಿಷು. ಕನ್ನಡ ಮಾತ್ರ ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆ. ಸಂಜೆ ಮೆಟ್ಟಿಲಲ್ಲಿ ಸಿಕ್ಕರೆ ಕೈಚೀಲಕ್ಕೆ ಕೈ ಹಾಕಿ ಒಂದು ಹಿಡಿ ಪೆಪ್ಪರಮಿಂಟು ಕೊಡುತ್ತಿದ್ದರು. ವಿಮಾನ ಏರುವ ಮುನ್ನ ತಟ್ಟೆಯಲ್ಲಿಟ್ಟು ಹಂಚುತ್ತಿದ್ದ ಕಿತ್ತಳೆ ಪೆಪ್ಪರಮಿಂಟು, ಒಂದೊಂದರ ಕಾಗದದ ಮೇಲೂ ಕಂಪನಿಯ ಹೆಸರು ಹೊಳೆಯುತ್ತಿತ್ತು.

ಆ ಕಂಪನಿ ಸಾಯಲು ಶುರುವಾದದ್ದು ನನಗೆ ಗೊತ್ತಾದದ್ದೇ ಈ ಪೆಪ್ಪರಮಿಂಟಿನಿಂದ. ಒಂದು ದಿನ ಕೊಟ್ಟದ್ದರ ಮೇಲೆ ಹೆಸರಿರಲಿಲ್ಲ. ಬರೀ ಬಣ್ಣದ ಕಾಗದ.

"ಕೋಠಿ ಬಜಾರದ ಮಾಲು, ತಮ್ಮಾ," ಎಂದರು ಅಕ್ಕ. "ಹೆಸರು ಅಚ್ಚು ಹಾಕಿಸೋದು ಬಂದ್ ಮಾಡ್ಯಾರ. ತಿನ್ನಾಕ ಹೆಸರು ಯಾಕ ಬೇಕು, ತಿನ್ನು."

ನಾನು ತಿಂದೆ. ಆದರೆ ಅವತ್ತಿನಿಂದ ನನ್ನ ನಿದ್ದೆ ಕೆಟ್ಟಿತು. ಅಗ್ಗಕ್ಕೆ ಸಿಕ್ಕಿತೆಂದು ಅದೇ ಕಂಪನಿಯಲ್ಲಿ ಮುಂಗಡವಾಗಿ ಟಿಕೇಟು ಕಾದಿರಿಸಿದ್ದೆ, ಆಫೀಸಿನ ಕೆಲಸಕ್ಕೆ, ಬೆಂಗಳೂರಿಗೆ. ವಿಮಾನ ಕಂಪನಿಗಳು ಒಮ್ಮೆಲೇ ಬಿದ್ದುಹೋಗುವುದಿಲ್ಲ ಎಂದು ಆಗ ನೋಡಿದೆ. ಮೊದಲು ಬಿಸಿ ಊಟ ಹೋಗಿ ಸ್ಯಾಂಡ್‌ವಿಚ್ ಬಂತು, ಸ್ಯಾಂಡ್‌ವಿಚ್ ಹೋಗಿ ಕಡಲೆಬೀಜ ಬಂತು, ಕೊನೆಗೆ ಬರೀ ನೀರು. ಆಮೇಲೆ ವಿಮಾನಗಳೇ ಒಂದೊಂದಾಗಿ ಕಾಣೆಯಾದವು. ಅವು ಕಂಪನಿಯ ಸ್ವಂತದ್ದೇ ಅಲ್ಲವಂತೆ, ಬಾಡಿಗೆಯವು. ಮಾಲೀಕರು ಬಂದು, ಬಾಲದ ಮೇಲಿನ ಚಿತ್ರಕ್ಕೆ ಬಿಳಿ ಬಣ್ಣ ಬಳಿದು, ಹಾರಿಸಿಕೊಂಡು ಹೋಗುತ್ತಿದ್ದರು. ಬೆಳಿಗ್ಗೆ ಆಫೀಸಿನ ಕ್ಯಾಬಿಗೆ ಕಾಯುವಾಗ ಅಕ್ಕ ಸಿಕ್ಕರೆ ಆಸ್ಪತ್ರೆಯಲ್ಲಿ ಮಲಗಿದವರನ್ನು ವಿಚಾರಿಸಿದ ಹಾಗೆ ಕೇಳುತ್ತಿದ್ದೆ.

"ಹೇಗಿದೆ ಅಕ್ಕ, ಕಂಪನಿ?"

"ಉಸಿರಾಡಾಕತ್ತೈತಿ. ನೀ ಹಿಂಗ ದಿನಾ ಕೇಳಿದ್ರ ಅದೂ ಬಿಡ್ತೈತಿ."

ಅವರ ಚಿಂತೆ ಬೇರೆಯೇ ಇತ್ತು. ಅದು ಕೆಲಸದ ಚಿಂತೆಯೂ ಅಲ್ಲ. ಅವರಿಗೆ ಅವ್ವನನ್ನು ವಿಮಾನದಲ್ಲಿ ಕೂರಿಸಬೇಕಿತ್ತು, ಅದೂ ತಮ್ಮ ಕಂಪನಿಯ ವಿಮಾನದಲ್ಲಿ, ತಮ್ಮ ಕೈಯಿಂದಲೇ ಬೋರ್ಡಿಂಗ್ ಪಾಸ್ ಕೊಟ್ಟು. ಅವ್ವ ಬೆಂಗಳೂರಿನಲ್ಲಿದ್ದ ಕಿರಿಯ ಮಗಳ ಮನೆಗೆ ವರ್ಷಕ್ಕೊಮ್ಮೆ ಬಸ್ಸಿನಲ್ಲಿ ಹೋಗಿ, ಮಂಡಿ ಊದಿಸಿಕೊಂಡು ಬರುತ್ತಿದ್ದರು. ನೌಕರರ ಮನೆಯವರಿಗೆ ಸ್ಟ್ಯಾಂಡ್‌ಬೈ ಟಿಕೇಟು ಬಿಟ್ಟಿ. ಯಾವುದಾದರೂ ಸೀಟು ಖಾಲಿ ಉಳಿದರೆ ಅವರಿಗೆ. ಅಕ್ಕ ಕೆಲಸಕ್ಕೆ ಸೇರಿದಾಗಿನಿಂದ ಕರೆಯುತ್ತಲೇ ಇದ್ದರು. ಅವ್ವ ಒಮ್ಮೆ ಜೋಳದ ರಾಶಿ ಎಂದರು, ಒಮ್ಮೆ ಎಮ್ಮೆ ಈಯುತ್ತದೆ ಎಂದರು, ಒಮ್ಮೆ ಸುಮ್ಮನೆ ಬೇಡ ಎಂದರು. ಈಗ ವಿಮಾನಗಳೇ ಮುಗಿಯುತ್ತ ಬಂದಿದ್ದವು.

ಅವ್ವ ಮಂಡಿ ತೋರಿಸಲು ಹೈದರಾಬಾದಿಗೆ ಬಂದದ್ದು ಅದೇ ದಿನಗಳಲ್ಲಿ. ಭಾನುವಾರ ಮಧ್ಯಾಹ್ನ ಅಕ್ಕ ನನ್ನನ್ನೂ ಊಟಕ್ಕೆ ಕರೆದಿದ್ದರು. ಅಕ್ಕ ಒಳಗೆ ರೊಟ್ಟಿ ಬಡಿಯುತ್ತಿದ್ದರು. ಅವ್ವ ಮಂಚದ ಮೇಲೆ ಕಾಲು ಚಾಚಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಈ ನೋವಿಟ್ಟುಕೊಂಡು ಬಸ್ಸಿನಲ್ಲಿ ಯಾಕೆ ಹೋಗುತ್ತೀರಿ, ಮಗಳು ಅಷ್ಟು ಹೇಳುತ್ತಾರೆ, ಒಂದು ಸಲ ವಿಮಾನದಲ್ಲಿ ಹೋಗಬಾರದೇ ಎಂದು ನಾನೂ ಕೇಳಿದೆ. ವಿಮಾನ ಎಂದರೆ ಸ್ವತಃ ಬೆವರುವ ನಾನು!

ಅವ್ವ ಅಡುಗೆಮನೆಯ ಕಡೆ ನೋಡಿ ಧ್ವನಿ ತಗ್ಗಿಸಿದರು. "ಆಕಿಗೆ ಹೇಳಬ್ಯಾಡಪ್ಪಾ. ಬೆಂಗಳೂರು ತನಕ ನಿಂದ್ರೂದು ನನ್ನ ಕೈಲೆ ಆಗಂಗಿಲ್ಲ."

"ಯಾಕೆ ನಿಲ್ಲಬೇಕು ಅವ್ವ?"

"ಸ್ಟ್ಯಾಂಡಿಂಗ್ ಟಿಕೇಟು ಅಂತಾಳಲ್ಲ ನನ್ನ ಮಗಳು. ಬಸ್ಸಿನಾಗರ ಹಿಡಕೊಳ್ಳಾಕ ಸರಳಿರ್ತೈತಿ. ಅದರಾಗ ಏನ್ ಹಿಡಕೊಂಡು ನಿಂದ್ರೂದು? ಬಿಟ್ಟಿ ಟಿಕೇಟು, ಕುಂದ್ರಾಕ ಕೊಡ್ರಿ ಅಂದ್ರ ಮಗಳ ಮರ್ಯಾದಿ ಏನಾಗಬೇಕು?"

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಅಕ್ಕ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದರು. ಮೊದಲು ನಕ್ಕರು. ಗೋಡೆಗೆ ಒರಗಿ, ಸೆರಗು ಬಾಯಿಗೊತ್ತಿಕೊಂಡು ನಕ್ಕರು. ನಾನೂ ನಕ್ಕೆ, ಏನು ತಪ್ಪಾಯಿತೆಂದು ತಿಳಿಯದೆ ಅವ್ವನೂ ನಕ್ಕರು. ಆಮೇಲೆ ಅಕ್ಕ ನಗು ನಿಲ್ಲಿಸಿ, "ಯವ್ವಾ, ಇಷ್ಟ ವರ್ಷ..." ಎಂದವರು ಹಾಗೇ ಒಳಗೆ ಹೋದರು. ಆ ದಿನ ಒಂದು ರೊಟ್ಟಿ ಸೀದಿತ್ತು.

ಆ ವಾರವೇ ನನ್ನ ಪ್ರಯಾಣವೂ ಇತ್ತು. ಅದೇ ವಿಮಾನಕ್ಕೆ ಅವ್ವನನ್ನೂ ಕರೆತಂದಿದ್ದರು ಅಕ್ಕ. ನಾನು ಎಂದಿನಂತೆ ಬಾಗಿಲು ತೆಗೆಯುವವರಿಗಿಂತ ಮೊದಲೇ ನಿಲ್ದಾಣ ಸೇರಿದ್ದೆ. ಅವ್ವ ಕೌಂಟರಿನ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಇಳಕಲ್ ಸೀರೆಯುಟ್ಟು, ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಆದರೆ ಬೆಳಗಿನ ವಿಮಾನ ಹಾರಿರಲಿಲ್ಲ. ಅದರ ಜನವನ್ನೆಲ್ಲ ನಮ್ಮ ವಿಮಾನಕ್ಕೆ ತುಂಬುತ್ತಿದ್ದರು. ಗದ್ದಲವೋ ಗದ್ದಲ. ಒಬ್ಬರು ಕೌಂಟರ್ ಗುದ್ದುತ್ತಿದ್ದರು. ಅಕ್ಕ ಎಲ್ಲರಿಗೂ ತಾಂತ್ರಿಕ ಕಾರಣ, ತಾಂತ್ರಿಕ ಕಾರಣ ಎನ್ನುತ್ತಿದ್ದರು. ಒಂದು ಸೀಟೂ ಉಳಿಯುವ ಹಾಗಿರಲಿಲ್ಲ. ನಾಳೆಯ ವಿಮಾನದ ಬಗ್ಗೆ ಕೇಳಿದರೆ ಅಕ್ಕ ಮುಂದಿನವರ ಟಿಕೇಟು ಎತ್ತಿಕೊಳ್ಳುತ್ತಿದ್ದರು. ಅವರು ಅವ್ವನ ಕಡೆ ನೋಡುವುದನ್ನೇ ಬಿಟ್ಟಿದ್ದರು.

ಗಾಜಿನಾಚೆ ನಮ್ಮ ವಿಮಾನ ಕಾಣುತ್ತಿತ್ತು. ಬಾಲದ ಬಣ್ಣ ಅಲ್ಲಲ್ಲಿ ಎದ್ದಿತ್ತು. ಪೆಪ್ಪರಮಿಂಟಿಗೆ ದುಡ್ಡಿಲ್ಲದವರು ಬ್ರೇಕಿಗೆ ಎಲ್ಲಿಂದ ತರುತ್ತಾರೆ ಎಂಬ ಪ್ರಶ್ನೆ ನನ್ನ ತಲೆ ಹೊಕ್ಕಿತು. ಸಾಲಿನಲ್ಲಿ ನನ್ನ ಸರದಿ ಬಂತು. ಅಕ್ಕ ಕೈ ಚಾಚಿದರು. ನಾನು ಟಿಕೇಟು ಕೊಡಲಿಲ್ಲ.

"ಅಕ್ಕ, ನನ್ನ ಸೀಟು ಅವ್ವನಿಗೆ ಕೊಡಿ."

"ಯಾಕೋ? ಅಂಜಿಕಿ ಏನು?"

"ಅರ್ಧ ಅದೇ."

"ಇನ್ನರ್ಧ?"

"ಅದೂ ಅದೇ."

ಅಷ್ಟು ಗದ್ದಲದಲ್ಲೂ ಅಕ್ಕನಿಗೆ ನಗು ಬಂತು. "ಒಳ್ಳೇ ಅಂಜುಬುರುಕ ಸಿಕ್ಕಿ ನೋಡು ನನಗ," ಎಂದರು. ಟಿಕೇಟಿನ ಹೆಸರು ಬದಲಿಸಲು ಬರುವುದಿಲ್ಲ. ಪ್ರಯಾಣಿಕ ಬರಲೇ ಇಲ್ಲ ಎಂದಾದರೆ ಮಾತ್ರ ಆ ಸೀಟು ಸ್ಟ್ಯಾಂಡ್‌ಬೈಯವರಿಗೆ. ಹಾಗಾಗಿ ಕೌಂಟರ್ ಮುಚ್ಚುವ ಹೊತ್ತಿಗೆ, ಎದುರಿಗೇ ಸೂಟ್‌ಕೇಸ್ ಹಿಡಿದು ನಿಂತಿದ್ದ ನನ್ನನ್ನು ನೋಡುತ್ತಲೇ, ಅಕ್ಕ ಕಂಪ್ಯೂಟರಿನಲ್ಲಿ ನನ್ನ ಹೆಸರಿನ ಮುಂದೆ 'ನೋ ಶೋ' ಎಂದು ಒತ್ತಿದರು. ನಾನು ಬಂದಿಲ್ಲ ಎಂದು ಖಚಿತವಾದ ಮೇಲೆ ನನ್ನ ಕೈಯಲ್ಲೇ ಅವ್ವನ ಚೀಲ ಕೊಟ್ಟು ಸೆಕ್ಯುರಿಟಿ ಬಾಗಿಲ ತನಕ ಬಿಟ್ಟು ಬಾ ಎಂದರು. ತಂಗಿಯ ಮೊಬೈಲ್ ನಂಬರನ್ನೂ ಹೇಳಿ, "ಅವ್ವ ಹೊಂಟಾಳ, ಕರಕೊಳ್ಳಾಕ ಬಾ ಅಂತ ಹೇಳಿಬಿಡು, ನನಗ ಇಲ್ಲಿಂದ ಏಳಾಕ ಆಗಂಗಿಲ್ಲ," ಎಂದರು. ಅವ್ವನ ಅಂಗೈಗೆ ಒಂದು ಹಿಡಿ ಪೆಪ್ಪರಮಿಂಟು ಸುರಿದರು. ತಾವೇ ಕೋಠಿಗೆ ಹೋಗಿ ತಂದದ್ದು.

ಬಾಗಿಲ ಹತ್ತಿರ ಅವ್ವ ನಿಂತರು. ಬೋರ್ಡಿಂಗ್ ಪಾಸನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು.

"ನಿನ್ನ ಕುರ್ಚಿ ನನಗ ಕೊಟ್ಟು ನೀ ನಿಂತು ಬರ್ತಿಯೇನಪ್ಪಾ?"

ಇಲ್ಲ ಅವ್ವ, ನಾನು ರೈಲಿಗೆ ಬರ್ತೀನಿ ಎಂದೆ. ಕಾಚಿಗುಡ ಸ್ಟೇಷನ್ನಿಗೆ ಓಡಿದೆ. ಕಾದಿರಿಸದೆ ಹೋದವನಿಗೆ ಜನರಲ್ ಬೋಗಿಯಲ್ಲಿ ಕಾಲಿಡಲು ಸಿಕ್ಕಿದ್ದೇ ಭಾಗ್ಯ. ಬೆಂಗಳೂರಿನ ತನಕ ಬಹುಪಾಲು ನಿಂತೇ ಹೋದೆ. ಹಳಿ ಸರಿಯಾಗಿದೆಯೋ ಇಲ್ಲವೋ ಎಂಬ ಚಿಂತೆ ದಾರಿಯುದ್ದಕ್ಕೂ ಜೊತೆಗಿತ್ತು.

ನಾನು ಹೈದರಾಬಾದಿಗೆ ಮರಳುವಷ್ಟರಲ್ಲಿ ಕಂಪನಿ ಇರಲಿಲ್ಲ. ಕೌಂಟರಿನ ಮೇಲಿನ ಬೋರ್ಡನ್ನು ತೆಗೆದು, ಗೋಡೆಯಲ್ಲಿ ನಾಲ್ಕು ತೂತು ಉಳಿಸಿದ್ದರಂತೆ. ಅಕ್ಕ ಮೆಟ್ಟಿಲ ಮೇಲೆ ಕೂತಿದ್ದರು, ನೀಲಿ ಸೀರೆಯಲ್ಲಲ್ಲ. ನಾನೂ ಪಕ್ಕದಲ್ಲಿ ಕೂತೆ. ನಾನು ರೈಲಿನಲ್ಲಿ ನಿಂತು ಹೋದದ್ದನ್ನು ಹೇಳಿದೆ. ಅಕ್ಕ ತುಂಬ ಹೊತ್ತು ನಕ್ಕರು. ಆಮೇಲೆ ಬೀದಿಯ ಕಡೆ ನೋಡುತ್ತ ಅಂದರು:

"ಅವ್ವ ಕುಂತು ಹೋದ್ಲು. ಕಂಪನಿ ನಿಂತು ಹೋತು. ಇರಲಿ ಬಿಡು, ತಮ್ಮಾ."

ಅದಾದ ಮೇಲೆ ಅಕ್ಕ ನಾಗಪುರದಲ್ಲಿ ಇನ್ನೊಂದು ವಿಮಾನ ಕಂಪನಿ ಸೇರಿದರು. ಅದೂ ಕೆಲವು ವರ್ಷಕ್ಕೆ ನಿಂತುಹೋಯಿತೆಂದು ಪೇಪರಿನಲ್ಲಿ ಓದಿದೆ. ಫೋನು ಮಾಡಬೇಕು ಅಂದುಕೊಂಡೆ. ಏನೆಂದು ಕೇಳುವುದು, ಕಂಪನಿ ಹೇಗಿದೆ ಅಂತಲೇ... ಹಾಗೆ ಮುಂದೂಡುತ್ತ ಹೋದೆ. ನಾನು ಮದುವೆಯಾಗಿ, ಗಚ್ಚಿಬೌಲಿಗೆ ಮನೆ ಬದಲಿಸಿ, ಚಿಂತಿಸಲು ಇನ್ನಷ್ಟು ವಿಷಯಗಳನ್ನು ಸಂಪಾದಿಸಿಕೊಂಡೆ.

ಕಳೆದ ತಿಂಗಳು ವಿಮಾನ ಬೆಂಗಳೂರಿನಲ್ಲಿ ಇಳಿಯಿತು. ಸ್ಕ್ರೂ ಎಲ್ಲ ಸರಿಯಾಗಿಯೇ ಇತ್ತು. ಲಗೇಜಿಗೆ ಕಾಯುತ್ತ ಮೊಬೈಲಿನಲ್ಲಿ ಹುಡುಕಿದೆ. ಯಾವಾಗ ಬೇಕಾಗುತ್ತದೋ ಎಂದು ನಾನು ಒಂದು ನಂಬರನ್ನೂ ಅಳಿಸುವವನಲ್ಲ. ಅಕ್ಕನ ನಂಬರು ಚಾಲ್ತಿಯಲ್ಲಿರಲಿಲ್ಲ. ಅವರ ತಂಗಿಯದು ಹೊಡೆದುಕೊಂಡಿತು. ಎತ್ತಿದ್ದು ಒಂದು ಮುದಿ ಧ್ವನಿ, ಮಗಳು ಅಂಗಡಿಗೆ ಹೋಗ್ಯಾಳ ಎಂದಿತು. ಅವ್ವ ಎಂದು ಗೊತ್ತಾಯಿತು. ಅಕ್ಕ ಹೇಗಿದ್ದಾರೆ ಎಂದೆ.

ಆ ಕಡೆ ಟಿವಿಯ ಸದ್ದು ಸಣ್ಣದಾಯಿತು.

"ಆಕಿ ಹೋಗಿ ಎರಡು ವರ್ಷ ಆತಪ್ಪಾ. ಎದಿ ನೋವು ಬಂದು... ನೀ ಯಾರು?"

ನಾನು ಹೈದರಾಬಾದು, ಅಮೀರ್‌ಪೇಟೆ, ಎದುರುಮನೆ ಎಂದು ತೊದಲಿದೆ. ಬೆಲ್ಟಿನ ಮೇಲೆ ನನ್ನ ಸೂಟ್‌ಕೇಸ್ ಬಂದು, ನನ್ನೆದುರೇ ಹಾದು, ಮತ್ತೆ ಒಳಗೆ ಹೋಯಿತು.

"ಓ, ಕುರ್ಚಿ ಕೊಟ್ಟಾಂವ!" ಎಂದರು ಅವ್ವ. "ನನ್ನ ಮಗಳು ಹೇಳಿ ಹೇಳಿ ನಗತಿದ್ಲು. ರೈಲಿನಾಗ ನೀ ನಿಂತ ಬಂದಿಯಂತಲ್ಲ. ಕಾಲು ಭಾಳ ನೋತವೇನಪ್ಪಾ?"

ಇಲ್ಲ ಅವ್ವ ಎನ್ನಬೇಕಿತ್ತು. ಫೋನು ಕಿವಿಗೆ ಹಿಡಿದುಕೊಂಡು ಅಲ್ಲೇ ನಿಂತಿದ್ದೆ.