ಕೆಟ್ಟ ಬಟ್ಟೆಯ ಮೊಳೆ

ಟೈಲರಕ್ಕನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಬೀದಿಯವರೆಲ್ಲ ಹೇಳುತ್ತಾರೆ. ಹಾಗೆ ಹೇಳುವವರೇ ಬಟ್ಟೆ ಹಿಡಿದುಕೊಂಡು ಅವಳ ಅಂಗಡಿಗೇ ಬರುತ್ತಾರೆ, ಅದು ಬೇರೆ ಮಾತು. ಗಂಡ ತೀರಿಕೊಂಡ ಮೇಲೆ ಮೆಟ್ಟಿಲ ಕೆಳಗಿನ ಗೂಡಿನಂಥ ಜಾಗದಲ್ಲಿ ಒಂದು ಮಷಿನ್ನು ಹಾಕಿಕೊಂಡು ಕೂತವಳು, ಯಾರ ಮುಂದೆಯೂ ಕೈಚಾಚಿದವಳಲ್ಲ. ಮಷಿನ್ನಿನ ಮೇಲಿನ ಗೋಡೆಗೆ ಅವಳೇ ಹೊಡೆದ ಒಂದು ಮೊಳೆಯಿದೆ. ಕತ್ತರಿ ತಪ್ಪಿ ಯಾರ ಬಟ್ಟೆಯಾದರೂ ಕೆಟ್ಟರೆ ಅವಳು ಮುಚ್ಚಿಡುವುದಿಲ್ಲ. ಬಂದವರಿಗೆಲ್ಲ ಕಾಣುವ ಹಾಗೆ ಆ ಮೊಳೆಗೆ ನೇತುಹಾಕುತ್ತಾಳೆ. ಅಂಥದ್ದೇ ಬಟ್ಟೆ ತಂದು, ಹೊಲಿದು, ಗಿರಾಕಿಯ ಮೈಮೇಲೆ ಸರಿಯಾಗಿ ಕೂತ ಮೇಲೆಯೇ ಇಳಿಸುವುದು.

ಈಗ ಆ ಮೊಳೆಯಲ್ಲಿ ಬಟ್ಟೆಯಿಲ್ಲ. ದಾರ ಕಟ್ಟಿದ ಒಂದು ಪುಟ್ಟ ಬಾಟಲಿ ತೂಗುತ್ತಿದೆ.

ಅವಳ ನಾಯಿಯ ಹೆಸರು ಬಟನ್. ಚೂರುಬಟ್ಟೆಯ ಬುಟ್ಟಿಯಲ್ಲಿ ಬಂದು ಮಲಗಿದ ಬೀದಿಮರಿ, ಮೊದಲ ದಿನವೇ ಯಾರದೋ ಕೋಟಿನ ಗುಂಡಿ ನುಂಗಿ ಆ ಹೆಸರು ಸಂಪಾದಿಸಿತು. ಅದರ ಕಣ್ಣು ಕೆಂಪಾಯಿತೆಂದು ಮೂಲೆಯ ಪಶುವೈದ್ಯರ ಬಳಿ ಕರೆದುಕೊಂಡು ಹೋದಳು. ಡಾಕ್ಟರು ದೊಡ್ಡ ಕ್ಯಾನಿನಲ್ಲಿ ಔಷಧ ತರಿಸಿ, ತಾವೇ ಸಣ್ಣ ಬಾಟಲಿಗಳಿಗೆ ಸುರಿದು, ಚೀಟಿ ಅಂಟಿಸಿ ಮಾರುವವರು. ಎಲ್ಲ ಬಾಟಲಿಯೂ ಒಂದೇ ಥರ. ಕಿವಿ ತೊಳೆಯುವ ಔಷಧಕ್ಕೆ ಕಣ್ಣಿನ ಔಷಧದ ಚೀಟಿ ಅಂಟಿಸಿದ ಪುಣ್ಯಾತ್ಮ, ಫೋನಿನಲ್ಲಿ ಹರಟುತ್ತಲೇ ಅದನ್ನು ಅವಳ ಕೈಗಿಟ್ಟರು. ನಾಯಿಗೊಂದು ಬಿಸ್ಕೆಟ್ಟು ಕೊಟ್ಟು, ತಲೆ ಸವರಿ ಕಳಿಸಿದರು.

ಹನಿ ಬಿದ್ದ ಕೂಡಲೇ ಬಟನ್ ಚೀರಿತು. ಅವಳು ಗಾಬರಿಯಾಗಿ ಫೋನ್ ಮಾಡಿದರೆ, "ಸ್ವಲ್ಪ ಉರಿಯುತ್ತೆ ಕಣಮ್ಮ, ಬಿಡ್ಬೇಡಿ, ಹಾಕ್ತಾ ಇರಿ" ಅಂದರು. ಬಿಡಲಿಲ್ಲ. ನಾಯಿಯನ್ನು ಮೊಣಕಾಲ ನಡುವೆ ಅದುಮಿ ಹಿಡಿದು, "ಸುಮ್ನಿರೋ ಮುಂಡೇದೇ, ನಿನ್ನ ಒಳ್ಳೇದಕ್ಕೇ ಹಾಕ್ತಿರೋದು" ಅಂತ ಗದರಿಸಿ ಗದರಿಸಿ ಹಾಕಿದಳು. ಬೇರೆ ಆಸ್ಪತ್ರೆಯವರು ಬಾಟಲಿ ಪರೀಕ್ಷಿಸಿ ಇದು ಕಿವಿಯ ಔಷಧ ಅನ್ನುವಷ್ಟರಲ್ಲಿ ಎರಡು ಕಣ್ಣೂ ಬೆಳ್ಳಗಾಗಿದ್ದವು.

ಕಣ್ಣು ಹೋದ ಸಂಕಟ ಒಂದಾದರೆ, ಅವಳನ್ನು ಒಳಗೊಳಗೇ ತಿಂದ ಸಂಕಟ ಇನ್ನೊಂದು. ಮಷಿನ್ ಎಣ್ಣೆಯ ವಾಸನೆಯ ಅವಳ ಕೈ ಹತ್ತಿರ ಬಂದರೆ ಸಾಕು, ಬಟನ್ ಗಡಗಡ ನಡುಗಿ ಕಟಿಂಗ್ ಮೇಜಿನ ಕೆಳಗೆ ನುಗ್ಗುತ್ತಿತ್ತು. ತಟ್ಟೆ ಇಟ್ಟು ಅವಳು ಆಚೆ ಹೋದ ಮೇಲೆಯೇ ತಿನ್ನುತ್ತಿತ್ತು. ಅವಳ ಕಾಲ ಮೇಲೆ ತಲೆಯಿಟ್ಟು ಬೆಳೆದ ನಾಯಿ ಅದು.

ಕೇಳಲು ಹೋದರೆ ಡಾಕ್ಟರು ಏನಂದರು ಗೊತ್ತೇ? "ಔಷಧ ನೀವೇ ತಾನೇ ಹಾಕಿದ್ದು? ಜಾಸ್ತಿ ಹಾಕಿರ್ತೀರಿ."

ಪಿತ್ತ ನೆತ್ತಿಗೇರಿತು. ಬಂದವಳೇ ಬಾಟಲಿಗೆ ದಾರ ಕಟ್ಟಿ ಮೊಳೆಗೆ ಸಿಕ್ಕಿಸಿದಳು. ಅಳತೆ ಕೊಡಲು ಬಂದವರು ಕೇಳುತ್ತಿದ್ದರು, ಅವಳು ಒಂದಕ್ಷರ ಬಿಡದೆ ಹೇಳುತ್ತಿದ್ದಳು.

"ಬಿಟ್ಟಾಕಕ್ಕ," ಅಂದ ಅವಳ ತಮ್ಮ. "ಬೀದಿನಾಯಿಗೆ ಯಾರು ಪರಿಹಾರ ಕೊಡ್ತಾರೆ? ನಿನ್ನ ಚಪ್ಪಲಿ ಸವೆಯುತ್ತೆ ಅಷ್ಟೆ."

"ಬೀದೀದು ಅಂತ ಅದರ ಕಣ್ಣು ಉರಿಯಲ್ವೇನೋ?" ಅಂತ ಹರಿಹಾಯ್ದಳು.

ಮಾತು ಬೀದಿ ದಾಟಿತು, ಕ್ಲಿನಿಕ್ಕಿನ ಬೆಂಚು ಖಾಲಿಯಾಯಿತು. ಆಗ ಡಾಕ್ಟರಿಗೆ ಟೈಲರಕ್ಕನ ಅಂಗಡಿಯ ದಾರಿ ನೆನಪಾಯಿತು.

"ನೋಡಿಮ್ಮ, ಪರಿಹಾರ ಕೊಡ್ತೀನಿ. ಬೇಕಾದ್ರೆ ಒಳ್ಳೆ ಜಾತಿ ಮರೀನೂ ತಂದ್ಕೊಡ್ತೀನಿ. ಮೊದ್ಲು ಆ ಬಾಟ್ಲಿ ಇಳಿಸಿ."

ಅವರ ದನಿ ಕೇಳಿ ಬಟನ್ ಮೇಜಿನ ಕೆಳಗಿನಿಂದ ಹೊರಬಂತು. ಮಷಿನ್ನಿನ ಕಾಲಿಗೆ ಒಮ್ಮೆ ಢಿಕ್ಕಿ ಹೊಡೆದು, ಮೂಸುತ್ತಾ ಮೂಸುತ್ತಾ ಹೋಗಿ ಡಾಕ್ಟರ ಅಂಗೈಯಲ್ಲಿ ಮೂತಿಯಿಟ್ಟು ಬಾಲ ಆಡಿಸಿತು. ಪಾಪ, ಅದಕ್ಕೆ ಗೊತ್ತಿದ್ದದ್ದು ಇಷ್ಟೇ: ಆ ಕೈ ಬಿಸ್ಕೆಟ್ಟು ಕೊಟ್ಟಿತ್ತು, ಈ ಕೈ ಬೆಂಕಿ ಸುರಿದಿತ್ತು.

ಟೈಲರಕ್ಕನ ಮೈಯೆಲ್ಲ ಹೊತ್ತಿ ಉರಿಯಿತು. ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದಳು.

"ನೋಡಿದ್ರಾ ಡಾಕ್ಟ್ರೇ? ತಪ್ಪು ಮಾಡಿದ್ದು ನೀವು, ಇದು ಹೆದರೋದು ನನಗೆ! ನನ್ನ ಕೈಯಿಂದಲೇ ಮಾಡಿಸಿದ್ರಲ್ಲ!"

ಡಾಕ್ಟರು ತಲೆ ತಗ್ಗಿಸಿದರು. "ತಪ್ಪಾಯ್ತಮ್ಮ. ಏನ್ ಮಾಡ್ಬೇಕು ಹೇಳಿ."

"ಆಸ್ಪತ್ರೆ ಖರ್ಚು ಪೂರ್ತಿ ಕೊಡಿ, ಅದನ್ನ ಬಿಡೋಳಲ್ಲ ನಾನು. ಮರಿ ಗಿರಿ ಬೇಡ. ಈ ಕಣ್ಣಿಗೆ ದಿನಾ ಮುಲಾಮು ಹಚ್ಬೇಕಂತೆ, ಅದೂ ಉರಿಯುತ್ತಂತೆ. ನೀವೇ ಬಂದು ಹಚ್ಚಿ. ಇನ್ಮೇಲೆ ನೋಯಿಸೋದು ನಿಮ್ಮ ಕೈ, ಬಿಸ್ಕೆಟ್ಟು ನನ್ನ ಕೈ."

"ಕ್ಲಿನಿಕ್ ಬಿಟ್ಟು ದಿನಾ ಹೇಗಮ್ಮ..."

"ಹಾಗಾದ್ರೆ ಬಾಟ್ಲಿ ಅಲ್ಲೇ ಇರುತ್ತೆ."

ಡಾಕ್ಟರು ಈಗ ದಿನಾ ಬೆಳಿಗ್ಗೆ ಕ್ಲಿನಿಕ್ ತೆರೆಯುವ ಮೊದಲು ಬಂದು, ನೆಲದ ಮೇಲೆ ಕೂತು, ಬಟನ್‌ನನ್ನು ಮೊಣಕಾಲ ನಡುವೆ ಹಿಡಿದು ಮುಲಾಮು ಹಚ್ಚುತ್ತಾರೆ. ಅವರ ಶೂ ಸದ್ದಿಗೇ ನಾಯಿ ಗುರ್ರೆನ್ನುತ್ತದೆ. ಅದನ್ನು ಕೇಳಿ ಟೈಲರಕ್ಕನಿಗೆ ಸ್ವಲ್ಪ ಸಮಾಧಾನ. ಅದನ್ನು ಅವಳು ಮುಚ್ಚಿಡುವುದೂ ಇಲ್ಲ. ನಿನ್ನೆ ಮುಲಾಮು ಮುಗಿದ ಮೇಲೆ ಅವಳು ಅಂಗೈಯಲ್ಲಿ ಬಿಸ್ಕೆಟ್ಟಿಟ್ಟುಕೊಂಡು ಉಸಿರು ಬಿಗಿಹಿಡಿದು ಕೂತಳು. ಬಟನ್ ನಡುಗುತ್ತಲೇ ಕತ್ತು ಚಾಚಿತು. ಕೈಗೆ ಮೂತಿ ತಾಗದ ಹಾಗೆ ಬಿಸ್ಕೆಟ್ಟು ಕಚ್ಚಿಕೊಂಡು ಮೇಜಿನ ಕೆಳಗೆ ಓಡಿತು.

"ತಗೊಳ್ತಲ್ಲಮ್ಮ!" ಅಂದರು ಡಾಕ್ಟರು, ಕೈ ಒರೆಸಿಕೊಳ್ಳುತ್ತಾ. "ಇನ್ನಾದ್ರೂ ಬಾಟ್ಲಿ ಇಳಿಸ್ಬಹುದಲ್ವಾ?"

ಅವಳು ತನ್ನ ಖಾಲಿ ಅಂಗೈಯನ್ನೇ ನೋಡುತ್ತಿದ್ದಳು. ಆಮೇಲೆ ಎದ್ದು ಹೋಗಿ ಮಷಿನ್ನಿನ ಮುಂದೆ ಕೂತು, ಪೆಡಲ್ ಮೇಲೆ ಕಾಲಿಟ್ಟಳು.

"ಇನ್ನೂ ಸರಿಯಾಗಿಲ್ಲ ಡಾಕ್ಟ್ರೇ," ಅಂದಳು. "ನಾಳೆ ಬನ್ನಿ."