ಕರೆಂಟ್ ಹೋದಾಗ ಬರುತ್ತಿದ್ದವರು

ಈ ಮಾತನ್ನು ನಾನು ಹದಿಮೂರು ವರ್ಷದಿಂದ ಮುಂದೂಡುತ್ತ ಬಂದಿದ್ದೇನೆ. ಮೊದಲು, ಅಕ್ಕ ಇದ್ದಾಳೆ, ಅವಳಿರುವಾಗ ಹೇಗೆ ಹೇಳಲಿ ಎಂದುಕೊಂಡೆ. ಹೋದ ವರ್ಷ ಅಕ್ಕ ತೀರಿಕೊಂಡಳು. ಇನ್ನು ಹೇಳಿ ಏನು ಬಂತು ಎಂದುಕೊಂಡೆ. ನೆವಕ್ಕೇನು ಬರವೇ... ಮೊನ್ನೆ ಅವಳ ತಗಡಿನ ಪೆಟ್ಟಿಗೆ ತೆಗೆದಾಗ ಗಂಜಿ ಹಾಕಿದ ನೂಲಿನ ವಾಸನೆ ಮುಖಕ್ಕೆ ಬಡಿಯಿತು. ಸೀರೆಗಳ ತಳದಲ್ಲಿ, ಪ್ಲಾಸ್ಟಿಕ್ ಚೀಲದೊಳಗೆ, ನಾಲ್ಕು ಮಡಿಕೆಯ ಒಂದು ಹಳದಿ ಕಾರ್ಡು. ಅದನ್ನು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ಬನಹಟ್ಟಿಯ ನಮ್ಮ ಓಣಿಯಲ್ಲಿ ಮುಂದಿನ ಕೋಣೆ ಮಗ್ಗಕ್ಕೆ, ಹಿಂದಿನದು ಮನುಷ್ಯರಿಗೆ. ನಮ್ಮಲ್ಲಿ ಎರಡು ಪವರ್‌ಲೂಮ್ ಇದ್ದವು, ಆಚೆ ಮನೆಯಲ್ಲಿ ನಾಲ್ಕು, ಈಚೆ ಮನೆಯಲ್ಲಿ ಎರಡು. ಎಲ್ಲ ಕೂಡಿ ಓಡುವಾಗ ಪಕ್ಕದಲ್ಲಿ ಕೂತವರ ಮಾತೂ ಕೇಳಿಸುತ್ತಿರಲಿಲ್ಲ. ಗಂಡ ಸತ್ತ ಮೇಲೆ ಅಕ್ಕ ನಮ್ಮಲ್ಲೇ ಇದ್ದಳು. ಲಾಳಿಯೊಳಗೆ ಕೂರುವ ನೂಲಿನ ಕಂಡಿಕೆ ಸುತ್ತುವುದು ಅವಳ ಕೆಲಸ. ಅವಳಿಗೆ ಬಿ.ಪಿ. ಇತ್ತು.

ಇಂಥ ಓಣಿಗಳ ಮುದುಕರಿಗಾಗಿ ಯಾವುದೋ ಸಂಸ್ಥೆಯವರು ಒಂದು ಕಾರ್ಯಕ್ರಮ ಹಾಕಿಕೊಂಡಿದ್ದರು. ಹದಿನೈದು ದಿನಕ್ಕೊಮ್ಮೆ ಮನೆಗೇ ಬಂದು ಬಿ.ಪಿ. ನೋಡಿ, ಕಾರ್ಡಿನಲ್ಲಿ ಬರೆದು, ಗುಳಿಗೆ ಕೊಟ್ಟು ಹೋಗುವುದು. ಬರುತ್ತಿದ್ದವರು ಚಿಮ್ಮಡದ ಒಬ್ಬ ಹೆಣ್ಣುಮಗಳು, ನಲವತ್ತರ ಆಸುಪಾಸು. ಅವರು ನರ್ಸ್ ಅಲ್ಲ, ಕೆಲವು ತಿಂಗಳ ತರಬೇತಿ ಆಗಿತ್ತಷ್ಟೆ. ಆದರೂ ನಮ್ಮ ಕಡೆ ಸೂಜಿ-ಗುಳಿಗೆ ಹಿಡಿದ ಹೆಂಗಸಿಗೆಲ್ಲ ಬಾಯಾರು ಎನ್ನುವುದೇ ರೂಢಿ. ಅವರ ಹತ್ತಿರ ಇದ್ದದ್ದು ಹಳೆಯ ಮಷಿನ್ನು. ತೋಳಿಗೆ ಪಟ್ಟಿ ಸುತ್ತಿ, ರಬ್ಬರಿನ ಉಂಡೆ ಒತ್ತಿ, ಸ್ಟೆಥಸ್ಕೋಪಿನಲ್ಲಿ ನಾಡಿಯ ಸಪ್ಪಳ ಕೇಳಬೇಕು. ಮಗ್ಗ ಓಡುವ ಓಣಿಯಲ್ಲಿ ಆ ಸಪ್ಪಳ ಎಲ್ಲಿ ಕೇಳಬೇಕು!

ಅದಕ್ಕೆ ಅವರೊಂದು ದಾರಿ ಕಂಡುಕೊಂಡಿದ್ದರು. ಓಣಿಯ ಬಾಯಲ್ಲಿರುವ ಬೇವಿನ ಮರದ ಕಟ್ಟೆಯ ಮೇಲೆ ಚೀಲ ಇಟ್ಟುಕೊಂಡು ಕೂತುಬಿಡುತ್ತಿದ್ದರು, ಕೆಲವೊಮ್ಮೆ ಎರಡು ತಾಸು. ಲೋಡ್‌ಶೆಡ್ಡಿಂಗ್ ಆಗಿ ಮಗ್ಗಗಳೆಲ್ಲ ಒಮ್ಮೆಲೇ ನಿಂತವೋ, ಎದ್ದು ಓಡುತ್ತಿದ್ದರು. ನಾವು ಕರೆಂಟಿನವರನ್ನು ಬೈಯುತ್ತ ಹೊರಗೆ ಬರುವಷ್ಟರಲ್ಲಿ ಅವರು ಮೊದಲನೇ ಮನೆಯ ಮುದುಕಿಯ ತೋಳಿಗೆ ಪಟ್ಟಿ ಸುತ್ತಿರುತ್ತಿದ್ದರು. ಕರೆಂಟ್ ಬರುವುದರೊಳಗೆ ಎಂಟು ಮನೆ, ಒಂಬತ್ತು ಮನೆ... ನಮಗೆ ಶಾಪವಾದದ್ದು ಅವರಿಗೆ ಕೆಲಸದ ವೇಳೆ.

ಒಂದು ದಿನ ಕರೆಂಟ್ ಹೋಗಿ ಕಟ್ಟೆಯ ಮೇಲೆ ನಾಲ್ಕು ಜನ ಕೂತಿದ್ದೆವು. ಬಾಯಾರು ರಿಜಿಸ್ಟರ್ ತೆಗೆದು ನನ್ನ ವಯಸ್ಸು ಕೇಳಿದರು. ನಾನು ಐವತ್ತೈದು ಅಂದೆ. ಅಕ್ಕನಿಂದ ಮೊದಲೇ ತಿಳಿದುಕೊಂಡಿದ್ದರು ಅಂತ ಕಾಣುತ್ತದೆ, ನಕ್ಕು ಹೇಳಿದರು.

"ಕಾಕಾ, ಅರವತ್ತ ದಾಟೈತ್ರಿ ನಿಮಗ. ನಿಮ್ಮ ಹೆಸರೂ ಬರಕೊಂತೀನಿ."

ಪಕ್ಕದಲ್ಲಿದ್ದ ಗೆಳೆಯ ತೊಡೆ ತಟ್ಟಿ ನಕ್ಕ. "ಬರಕೋರಿ ಬಾಯಾರ, ಬರಕೋರಿ. ಮೀಸಿಗೆ ಬಣ್ಣ ಹಚ್ಚಿದ್ರ ಪಟ್ಟಿ ತಪ್ಪತದೇನಲೇ?"

ಅವರು ಅಲ್ಲೇ ಬಿ.ಪಿ. ನೋಡಿದರು. ಹೆಚ್ಚಿತ್ತು. ಉಪ್ಪು, ತಂಬಾಕು ಕಡಿಮೆ ಮಾಡಿರಿ ಎಂದು ಎಲ್ಲರೆದುರು ಹೇಳಿದರು. ತಪ್ಪೇನೂ ಹೇಳಿರಲಿಲ್ಲ. ಆದರೆ ಮುದುಕರ ಪಟ್ಟಿಯಲ್ಲಿ ಹೆಸರು ಬಿದ್ದದ್ದು ನನಗೆ ಸಹಿಸಲಾಗಲಿಲ್ಲ. ಅವರು ಮುಂದಿನ ಮನೆಗೆ ಹೋದ ಮೇಲೆ ನಾನು ಅಂದೆ: "ಆಕಿ ಹೆಸರು ಗೊತ್ತದೇನ ನಿಮಗ? ಲೋಡ್‌ಶೆಡ್ಡಿಂಗ್ ಬಾಯಿ. ಆಕಿ ಓಣ್ಯಾಗ ಕಾಲಿಟ್ಲಂದ್ರ ಕರೆಂಟ್ ಹೋಗ್ತದ, ನೋಡ್ರಿ ಬೇಕಾದ್ರ."

ಎಲ್ಲರೂ ನಕ್ಕರು. ವಾರದೊಳಗೆ ಓಣಿಯ ಮಕ್ಕಳೂ ಅದೇ ಹೆಸರಿನಿಂದ ಕರೆಯತೊಡಗಿದವು. ತಿಂಗಳೊಳಗೆ ಅದು ನಗೆಯಾಗಿ ಉಳಿಯಲಿಲ್ಲ. ಕರೆಂಟ್ ಹೋದಾಗಲೇ ಬರುವವರನ್ನು ಪ್ರತಿ ಸಲವೂ ನೋಡುತ್ತಿದ್ದವರಿಗೆ, ಅವರು ಬಂದದ್ದಕ್ಕೇ ಹೋಯಿತೇನೋ ಅನಿಸತೊಡಗಿತು. ಒಬ್ಬರ ಮನೆಯಲ್ಲಿ ಅರ್ಧ ನೆಯ್ದ ಸೀರೆ ಕೆಟ್ಟಿತು. ಇನ್ನೊಬ್ಬರು, ಅವರು ಕೂತೆದ್ದ ಹೊಸ್ತಿಲಿಗೆ ನೀರು ಹಾಕಿದರು. ಬಾಯಾರ ಹಣೆ ಬರಿದಾಗಿತ್ತು. ನನ್ನ ಮಾತು ಅಷ್ಟು ಬೇಗ ಅಂಟಿಕೊಂಡದ್ದು ಅದಕ್ಕೇ. ಅಂಟಿಕೊಳ್ಳುತ್ತದೆ ಎಂದು ಹೇಳುವಾಗಲೇ ನನಗೆ ಗೊತ್ತಿತ್ತು. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ಒಮ್ಮೆ ಅವರು ನನ್ನ ಮಗ್ಗದ ಬಾಗಿಲಲ್ಲಿ ನಿಂತು, ಬೇಸರವಿಲ್ಲದ ದನಿಯಲ್ಲಿ ಅಂದರು: "ಕಾಕಾ, ನಾ ಬರೂಕಿಂತ ಮೊದಲ ಕರೆಂಟ್ ಹೋಗಿರ್ತದ್ರಿ. ಬಂದ ಮ್ಯಾಲ ಅಲ್ರಿ." ನಾನು ಹರಿದ ನೂಲು ಗಂಟು ಹಾಕುತ್ತಿದ್ದೆ. ತಲೆ ಎತ್ತಲಿಲ್ಲ.

ಒಂದೊಂದೇ ಬಾಗಿಲು ಮುಚ್ಚಿದವು. ನಾನು ಹಚ್ಚಿದ್ದನ್ನು ನಾನೇ ನಂಬದಿದ್ದರೆ ಹೇಗೆ? ನಮ್ಮ ಮನೆಯ ಬಾಗಿಲನ್ನೂ ಹಾಕಿಸಿದೆ. ಗುಳಿಗೆ ತೀರಿದವು ಎಂದು ಅಕ್ಕ ಎರಡು ಸಲ ಹೇಳಿದಳು. "ನಾಕ ದಿನ ಗುಳಗಿ ಬಿಟ್ರ ಏನಾಗ್ತದ, ಸುಮ್ಮನಿರು" ಅಂದೆ. ನಾಲ್ಕು ದಿನ ನಾಲ್ಕು ತಿಂಗಳು ದಾಟಿತು. ಬಾಯಾರು ನಮ್ಮ ಓಣಿ ಬಿಟ್ಟರು ಎಂದೇ ತಿಳಿದಿದ್ದೆ.

ಒಂದು ಮಧ್ಯಾಹ್ನ ಎರಡೂ ಮಗ್ಗ ಓಡುತ್ತಿದ್ದವು. ಕಂಡಿಕೆ ತೀರುತ್ತ ಬಂತೆಂದು ಹಿಂದಿನ ಕೋಣೆಯ ಕಡೆ ತಿರುಗಿದೆ. ಅಕ್ಕ ಗೋಡೆಗೆ ಒರಗಿ ಕೂತಿದ್ದಳು, ಮುಖ ಕೆಂಪಾಗಿತ್ತು. ತಲೆ ತಿರುಗುತ್ತದೆಂದು ಅವಳೇ ಹಿತ್ತಲ ಬಾಗಿಲು ತೆರೆದಿದ್ದಳಂತೆ. ಎದುರಿಗೆ, ನೆಲದ ಮೇಲೆ, ಬಾಯಾರು. ತೋಳಿಗೆ ಪಟ್ಟಿ ಸುತ್ತಿತ್ತು, ಆದರೆ ಸ್ಟೆಥಸ್ಕೋಪ್ ಕೊರಳಲ್ಲೇ ಇತ್ತು. ಎಡಗೈಯ ಮೂರು ಬೆರಳು ಅಕ್ಕನ ಮಣಿಕಟ್ಟಿನ ಮೇಲೆ. ಕಣ್ಣು ಮುಚ್ಚಿದ್ದರು. ಬಲಗೈಯಲ್ಲಿ ಗಾಳಿ ಒತ್ತಿದರು, ನಿಲ್ಲಿಸಿದರು, ಸ್ವಲ್ಪಸ್ವಲ್ಪವೇ ಬಿಟ್ಟರು. ಮೂರು ಮಾರು ದೂರದಲ್ಲಿ ಎರಡು ಮಗ್ಗ ಬಡಿಯುತ್ತಿವೆ, ಗೋಡೆಯಾಚೆ ನಾಲ್ಕು, ನೆಲವೇ ನಡುಗುತ್ತಿದೆ. ಆ ನಡುಕದೊಳಗಿಂದ ಅವರು ಒಂದು ನಾಡಿಯನ್ನು ಮಾತ್ರ ಆರಿಸಿ ತೆಗೆಯುತ್ತಿದ್ದರು. ಸಾವಿರ ಎಳೆಯಲ್ಲಿ ಹರಿದ ಒಂದೆಳೆಯನ್ನು ಬೆರಳಿನಿಂದಲೇ ಹುಡುಕುವವನು ನಾನು. ಅದಕ್ಕೆ ಎಷ್ಟು ವರ್ಷ ಬೇಕು ಎಂದು ಬಲ್ಲೆ. ಇವರು ಇದನ್ನು ಯಾವಾಗ ಕಲಿತರು? ಬಾಗಿಲು ಹಾಕಿಸಿಕೊಂಡ ಈ ತಿಂಗಳುಗಳಲ್ಲೇ? ಅಂಥ ಮುಖವನ್ನು ನಾನು ಅದಕ್ಕೆ ಮೊದಲೂ ಆಮೇಲೂ ನೋಡಿಲ್ಲ. ದೇವರ ಮನೆಯಲ್ಲೂ ನೋಡಿಲ್ಲ.

ನನ್ನ ಕೈ ಸ್ವಿಚ್ಚಿನ ಹತ್ತಿರವೇ ಇತ್ತು. ಒತ್ತಲಿಲ್ಲ. ನೋಡುತ್ತ ನಿಂತಿದ್ದೆ...

ಅವರು ಕಣ್ಣು ತೆರೆದು ಎದ್ದು ಬಂದರು. ನನ್ನ ಕಿವಿಗೆ ಬಾಗಿ ಕೂಗಿ ಹೇಳಿದರು: "ಮ್ಯಾಲಿಂದು ಎರಡನೂರಾ ಹತ್ತ ಐತ್ರಿ ಕಾಕಾ. ಅದು ಬೆರಳಿಗೆ ಸಿಕ್ತು. ಕೆಳಗಿಂದು ಕೇಳಬೇಕಂದ್ರ ಮಗ್ಗ ನಿಲ್ಲಬೇಕ್ರಿ."

ಆಗ ನಿಲ್ಲಿಸಿದೆ.

ಅದೇ ತಾಸಿನಲ್ಲಿ ಅಕ್ಕನನ್ನು ಆಟೋದಲ್ಲಿ ಕೂರಿಸಿಕೊಂಡು ಜಮಖಂಡಿಯ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಬಾಯಾರು ಅವಳ ಕೈ ಬಿಡಲಿಲ್ಲ. "ಇನ್ನೆರಡು ದಿನ ಬಿಟ್ಟಿದ್ದರೆ" ಎಂದು ಶುರುಮಾಡಿದ ಡಾಕ್ಟರು ಅಕ್ಕನ ಮುಖ ನೋಡಿ ಮಾತು ಬದಲಿಸಿದರು. ಅಕ್ಕ ಒಂದು ವಾರಕ್ಕೆ ಮನೆಗೆ ಬಂದಳು, ಮತ್ತೆ ಕಂಡಿಕೆ ಸುತ್ತಿದಳು, ಹನ್ನೆರಡು ವರ್ಷ ಬದುಕಿದಳು.

ಬಾಯಾರ ಕ್ಷಮೆ ಕೇಳಬೇಕಿತ್ತು. ಬಾಯಿ ಬರಲಿಲ್ಲ. ಅದರ ಬದಲು ಅವರು ಬರುವ ದಿನ ಕಿವಿಗೊಟ್ಟು ಕಾಯುತ್ತಿದ್ದೆ, ಹೊಸ್ತಿಲಿಗೆ ಬಂದ ಕೂಡಲೇ ಎರಡೂ ಮಗ್ಗ ನಿಲ್ಲಿಸುತ್ತಿದ್ದೆ. ಮೊದಲ ದಿನ ಅವರು ಕೇಳಿದರು, "ಯಾಕ್ರಿ ಕಾಕಾ, ಕರೆಂಟ್ ಹೋತೇನ್ರಿ?"

"ಹ್ಞೂಂ, ಹೋತು" ಅಂದೆ.

ಅವರು ಮೇಲೆ ನೋಡಿದರು. ತಲೆಯ ಮೇಲೆ ಬಲ್ಬು ಉರಿಯುತ್ತಿತ್ತು. "ಬಲ್ಬಿಗೆ ಯಾರೂ ಹೇಳಿಲ್ಲ ಕಾಣ್ತದ್ರಿ" ಎಂದು ನಕ್ಕು ಒಳಗೆ ಹೋದರು. ನನ್ನ ಮಗ್ಗ ನಿಂತದ್ದು ನೋಡಿ ಆಚೆಯವರೂ ನಿಲ್ಲಿಸಿದರು, ಆಮೇಲೆ ಈಚೆಯವರು. ಬಾಗಿಲುಗಳು ತೆರೆದವು. ಆದರೆ ಹೆಸರು ಮಾತ್ರ ಹೋಗಲಿಲ್ಲ. ಇಟ್ಟವನಿಗೆ ತೆಗೆಯಲು ಬರುವುದಿಲ್ಲ ಎಂದು ಆಗ ತಿಳಿಯಿತು.

ಕೆಲವು ವರ್ಷಕ್ಕೆ ಆ ಕಾರ್ಯಕ್ರಮ ನಿಂತಿತು. ಬಾಯಾರು ಮುಧೋಳದಲ್ಲಿ ಮಗಳ ಮನೆ ಸೇರಿದರು ಎಂದು ಕೇಳಿದೆ. ಮುಧೋಳ ಏನು ದೂರ... ಹೋಗಲಿಲ್ಲ. ನಾಲ್ಕು ವರ್ಷದ ಹಿಂದೆ ಬಸ್ಸಿನಲ್ಲಿ ಚಿಮ್ಮಡದವರೊಬ್ಬರು ಪಕ್ಕದಲ್ಲಿ ಕೂತರು. ಬಾಯಾರು ಹೇಗಿದ್ದಾರೆ ಎಂದು ಕೇಳಿದೆ.

"ಯಾವ ಬಾಯಾರ್ರಿ? ಹೆಸರ ಹೇಳ್ರಿ."

ಹೆಸರು ನನಗೆ ಗೊತ್ತಿರಲಿಲ್ಲ. ಕೊನೆಗೆ ನಾನಿಟ್ಟ ಹೆಸರನ್ನೇ ಹೇಳಬೇಕಾಯಿತು.

"ಓ, ಅವ್ರಾ? ತೀರಿಕೊಂಡು ವರ್ಷ ಆತಲ್ರಿ" ಅಂದರು ಅವರು.

ಈಗಲೂ ಓಣಿಗೆ ಒಬ್ಬ ಹುಡುಗಿ ಬಂದು ನನ್ನ ಬಿ.ಪಿ. ನೋಡುತ್ತಾಳೆ. ಅವಳ ಮಷಿನ್ನು ತಾನೇ ಅಂಕಿ ತೋರಿಸುತ್ತದೆ. ಮಗ್ಗ ನಿಲ್ಲಬೇಕಾಗಿಲ್ಲ. ಒಮ್ಮೊಮ್ಮೆ ಕರೆಂಟ್ ಹೋಗಿ ಓಣಿಯೆಲ್ಲ ಒಮ್ಮೆಲೇ ಸ್ತಬ್ಧವಾದಾಗ ನಾನು ಬಾಗಿಲ ಕಡೆ ನೋಡುತ್ತೇನೆ.

ಅಕ್ಕನ ಕಾರ್ಡು ಈಗ ನನ್ನ ಮುಂದಿದೆ. ಆ ನಾಲ್ಕೂವರೆ ತಿಂಗಳ ಸಾಲುಗಳು ಖಾಲಿ ಇರಬಹುದು ಎಂದುಕೊಂಡಿದ್ದೆ. ಖಾಲಿ ಇಲ್ಲ. ಆಗ ಕಾರ್ಡು ಅವರ ಚೀಲದಲ್ಲೇ ಇತ್ತು, ಆಮೇಲೆ ಅಕ್ಕನ ಕೈ ಸೇರಿತ್ತು. ಅಂಕಿ ಬರೆಯುವ ಜಾಗದಲ್ಲಿ ಒಂಬತ್ತು ಸಲ ಒಂದೇ ಮಾತು ಬರೆದಿದ್ದಾರೆ: "ಬಂದಿದ್ದೆ. ಬಾಗಿಲು ಹಾಕಿತ್ತು." ಅಕ್ಕನಿಗೆ ಓದು ಬರುತ್ತಿರಲಿಲ್ಲ. ಹತ್ತನೇ ಇಯತ್ತೆ ಓದಿದ ನಾನು ಒಮ್ಮೆಯೂ ಬಿಡಿಸಿ ನೋಡಿರಲಿಲ್ಲ. ಪ್ರತಿ ಸಾಲಿನ ಕೊನೆಗೂ ಸಹಿ ಇದೆ, ಸಾಲೆಯ ಹುಡುಗಿಯರ ಹಾಗೆ ದುಂಡಗೆ, ಒಂದಕ್ಷರವೂ ನುಂಗದೆ, ಪೂರ್ತಿ ಹೆಸರು.

ನೀಲವ್ವ.